ನಾಲ್ಕನೇ ತಳಿ

“ಹಂದಿಯೂ ಅಲ್ಲ, ಗಿಂದಿಯೂ ಅಲ್ಲ ಸಾರ್. ಇದು ಇಲಿ. ನೀವು ಎಷ್ಟು ಕೂಗಾಡಿದ್ರೂ ಇಲಿನೇ.”

“ಆ ಬಣ್ಣ ಹಾಕು ಅಂತ ನಿಂಗೆ ಯಾರು ಹೇಳಿದ್ರು? ನಾನು ಹೇಳಿದ್ನಾ?” ಡಾಕ್ಟರು ದಾಖಲೆ ಪುಸ್ತಕವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದರು. ಆರು ವರ್ಷ ಅವಳನ್ನು ‘ನೀವು’ ಎನ್ನುತ್ತಿದ್ದ ಬಾಯಿ ಅದು.

ಆ ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ಸೂಜಿಯಕ್ಕ. ಗಾಜಿನ ಕೊಳವೆಯನ್ನು ಬೆಂಕಿಗೆ ಹಿಡಿದು, ಅದು ಮೆತ್ತಗಾದ ಗಳಿಗೆ ನೋಡಿ ಎಳೆದು, ಕೂದಲಿಗಿಂತ ಸಣ್ಣ ಸೂಜಿ ಮಾಡುವ ವಿದ್ಯೆ ಅವಳೊಬ್ಬಳಿಗೇ ಕೈಹತ್ತಿತ್ತು. ವಾರಕ್ಕೆರಡು ಬೆಳಿಗ್ಗೆ ಕಸಾಯಿಖಾನೆಗೆ ಹೋಗಿ, ಹಂದಿಯ ಅಂಡಾಶಯಗಳನ್ನು ಬೆಚ್ಚನೆಯ ಉಪ್ಪುನೀರಿನ ಫ್ಲಾಸ್ಕಿನಲ್ಲಿ ತರುವವಳೂ ಅವಳೇ. ಅಲ್ಲಿನ ಕಟುಕ, “ಬಂದ್ಲಪ್ಪ ಹಂದಿಗಳ ಬೀಗಿತ್ತಿ” ಎಂದು ನಗುತ್ತಿದ್ದ. ಅಂಡಗಳನ್ನು ಹೊರತೆಗೆದು ತಟ್ಟೆಯಲ್ಲೇ ವೀರ್ಯ ಕೂಡಿಸಿ ಆರೇಳು ದಿನ ಕಾದರೆ, ಭ್ರೂಣ ನೀರುಗುಳ್ಳೆಯ ಹಾಗೆ ಉಬ್ಬುತ್ತಿತ್ತು. ಬರಿಗಣ್ಣಿಗೆ ಅದೊಂದು ಧೂಳಿನ ಕಣ. ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರೊಳಗೆ ಒಂದು ಮೂಲೆಗೆ ಅಂಟಿಕೊಂಡಿರುವ ಜೀವಕೋಶಗಳ ಪುಟ್ಟ ಮುದ್ದೆಯನ್ನು ಸೂಜಿಯಿಂದ ಬಿಡಿಸಿ, ಇಲಿಯ ಜೀವಕೋಶಗಳ ಹಾಸಿನ ಮೇಲೆ ಕೂರಿಸಬೇಕು. ಆ ಹಾಸಿನ ಕೋಶಗಳಿಗೆ ಮೊದಲೇ ಒಂದು ಔಷಧಿ ಹಾಕಿರುತ್ತಾರೆ. ಅದು ಬದುಕಿದ್ದು ಮೇಲಿರುವುದನ್ನು ಸಾಕಬೇಕು, ತಾನು ಮಾತ್ರ ಬೆಳೆಯಕೂಡದು. ಮೇಲಿನ ಮುದ್ದೆ ತನ್ನ ಗುಣ ಬಿಡದೆ ಬೆಳೆಯುತ್ತಲೇ ಹೋದರೆ ಅದು ಕಾಂಡಕೋಶದ ತಳಿ. ಮುಂದೆ ಕಣ್ಣೋ ಹೃದಯವೋ, ಏನು ಬೇಕಾದರೂ ಆಗಬಲ್ಲದು.

ಆದರೆ ಹಂದಿಯದು ಮಹಾ ಹಟಮಾರಿ. ಐದಾರು ಸಲ ತಟ್ಟೆ ಬದಲಿಸುವವರೆಗೆ ಮುದ್ದಾಗಿದ್ದು, ಆಮೇಲೆ ಚಪ್ಪಟೆಯಾಗಿ ಇನ್ನೇನೋ ಆಗಿ ಸತ್ತುಹೋಗುತ್ತಿತ್ತು. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ದಿನಾ ಸಂಜೆ, “ನಿನ್ನ ಮರಿಗಳು ಬದುಕಿದ್ವೇನೇ?” ಎಂದು ಕೇಳುವುದು, ಸೊಸೆ ಇಲ್ಲವೆನ್ನುವುದು, ಹೀಗೇ ಐದು ವರ್ಷ ಕಳೆಯಿತು. ಮೂರು ತಳಿ ಹೀಗೆ ಹೋದ ಮೇಲೆ ಕೊನೆಗೆ ನಾಲ್ಕನೆಯದು ಬಂತು. ಮೂರು ದಿನಕ್ಕೊಂದರಂತೆ ಮೂವತ್ತು ಸಲ ತಟ್ಟೆ ಬದಲಿಸಿದರೂ ಅದು ಜಗ್ಗಲಿಲ್ಲ. ಡಾಕ್ಟರ ಫೋಟೋ ಪತ್ರಿಕೆಯಲ್ಲಿ ಬಂತು. ಟೈರ್ ಅಂಗಡಿಯ ಗಂಡ ಗಿರಾಕಿಗಳ ಮುಂದೆ ಹೆಂಡತಿಯ ಕೈಗುಣದ ಬಗ್ಗೆ ಕೊಚ್ಚಿಕೊಂಡ. ಅತ್ತೆಯಂತೂ, ಇನ್ನೇನು ತನಗೆ ಹೊಸ ಕಣ್ಣೇ ಬರುತ್ತದೆ ಎಂದು ಬೀದಿಗೆಲ್ಲ ಸಾರಿದಳು. ಸೂಜಿಯಕ್ಕನೂ ಉಬ್ಬಿದಳು. ಸುಳ್ಳೇಕೆ?

ಮನಸ್ಸಿನಲ್ಲಿ ಒಂದು ಮುಳ್ಳು ಮಾತ್ರ ಇತ್ತು. ಮೂರು ತಿಂಗಳ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಅವಳು ಒಂದು ವಾರ ರಜೆ ಹಾಕಿದ್ದಳು. ಆ ವಾರದ ಹಾಸನ್ನು ಡಾಕ್ಟರೇ ಮಾಡಿದ್ದರು. ವಾಪಸ್ಸು ಬಂದಾಗ ಔಷಧಿಯ ಸೀಸೆ ಕಿಟಕಿಯ ಬಿಸಿಲಿನಲ್ಲಿ, ಸುತ್ತಿದ ಬೆಳ್ಳಿ ಕಾಗದವಿಲ್ಲದೆ, ಬೋಳಾಗಿ ನಿಂತಿತ್ತು. ಬೆಳಕು ಬಿದ್ದರೆ ಆ ಔಷಧಿ ಕೆಟ್ಟುಹೋಗುತ್ತದೆ, ಹಾಸಿನ ಬೆಳವಣಿಗೆ ನಿಲ್ಲುವುದಿಲ್ಲ. ಅದು ಗೊತ್ತಿದ್ದೂ ಅವಳು ಸೀಸೆಯನ್ನು ಕಸಕ್ಕೆ ಹಾಕಿದಳೇ ಹೊರತು ಬಾಯಿ ಬಿಡಲಿಲ್ಲ. ಅಷ್ಟು ಓದಿದವರ ಕೆಲಸವನ್ನು ತಾನು ಅನುಮಾನಿಸುವುದೇ ಅಂದುಕೊಂಡು, ಅದೇ ಹಾಸಿನ ಮೇಲೆ ಮುದ್ದೆ ಕೂರಿಸಿದಳು.

ಹಂದಿಯ ಕೋಶ ಇಷ್ಟು ಹೇಳಿದಂತೆ ಕೇಳುವುದುಂಟೇ ಎಂಬ ಸಂಶಯ ಬಂದದ್ದು ಹೋದ ವಾರ. ನಿನ್ನೆ ಯಾರನ್ನೂ ಕೇಳದೆ ನೀಲಿ ಬಣ್ಣ ಹಾಕಿ ನೋಡಿದಳು. ಹಂದಿಯದಾದರೆ ಕೋಶದ ತಿರುಳು ಒಂದೇ ಸಮನಾಗಿ ಹೊಳೆಯುತ್ತದೆ. ಇಲಿಯದರಲ್ಲಿ ಗಸಗಸೆ ಚೆಲ್ಲಿದಂತೆ ಚುಕ್ಕಿಗಳು. ತಟ್ಟೆಯ ಉದ್ದಗಲಕ್ಕೂ ಚುಕ್ಕಿಗಳೇ ಇದ್ದವು. ಹಂದಿ ಯಾವತ್ತೋ ಸತ್ತಿತ್ತು. ಅವಳು ಮೂರು ತಿಂಗಳು ಜೋಪಾನ ಮಾಡಿದ್ದು ಹಾಸನ್ನು.

ಈಗ ಡಾಕ್ಟರು ಬಾಗಿಲು ಹಾಕಿ ಬಂದು ದನಿ ಇಳಿಸಿದರು. ನಾಳೆ ತಪಾಸಣೆಯ ತಂಡ ಬರುತ್ತದೆ. ಹಾಸನ್ನು ಮಾಡಿದ್ದು ತಾನೇ, ಔಷಧಿ ಸರಿಯಾಗಿತ್ತು ಎಂದು ಅವಳು ಬರೆದು ಸಹಿ ಹಾಕಿದರೆ ಸಾಕು. ಆರು ತಿಂಗಳಲ್ಲಿ ನಿಜವಾದ ತಳಿ ಮಾಡಿ, ಅದೇ ಡಬ್ಬಿಯಲ್ಲಿಟ್ಟರಾಯಿತು. ಮತ್ತೆ ‘ನೀವು’ ಬಂದಿತ್ತು. ನಿಮ್ಮಂಥ ಕೈ ಈ ಊರಲ್ಲೇ ಇಲ್ಲ ಎಂಬ ಬೆಣ್ಣೆಯೂ ಬಂತು.

“ಮುಂದಿನ ತಿಂಗಳು ಇದು ಕಣ್ಣಾಸ್ಪತ್ರೆಗೆ ಹೋಗತ್ತಲ್ಲ ಸಾರ್. ಅವ್ರು ಇದನ್ನ ನಂಬಿ ವರ್ಷಗಟ್ಟಲೆ ಪ್ರಯೋಗ ಮಾಡ್ತಾ ಕೂತ್ಕೋತಾರಲ್ಲ. ಅವ್ರಿಗೆ ಏನು ಹೇಳ್ತೀರಿ?”

“ಅದು ನನ್ನ ತಲೆನೋವು.”

“ನನ್ನ ಸಹಿ ನನ್ನ ತಲೆನೋವು.”

ಬೆಣ್ಣೆ ಅಲ್ಲಿಗೆ ಮುಗಿಯಿತು. “ನೋಡು, ಮೂರು ತಿಂಗಳು ಆ ತಟ್ಟೆ ಹಿಡಿದಿದ್ದು ನಿನ್ನ ಕೈ. ವಿಷಯ ಹೊರಗೆ ಬಂದ್ರೆ ತಪ್ಪು ನಿನ್ನದೇ ಅಂತ ಆಗತ್ತೆ. ನನ್ನ ಮಾತು ನಂಬ್ತಾರೋ, ನಿನ್ನ ಮಾತೋ?”

ಅವಳಿಗೆ ಒಂದು ಕ್ಷಣ ಮನೆ ಕಣ್ಣಮುಂದೆ ಬಂತು. ಗೋಡೆಗೊರಗಿ ಕೂತ ಅತ್ತೆ, ಸೊಂಟಕ್ಕೆ ಪಟ್ಟಿ, ಹೆಜ್ಜೆಯ ಸದ್ದಿಗೇ ತಿರುಗುವ ಮುಖ. ಇವತ್ತು ಸಂಜೆ ಅತ್ತೆಗೆ ಏನೆನ್ನುವುದು? ಏನೆನ್ನುವುದೆಂದರೇನು, ಇದ್ದದ್ದನ್ನೇ.

“ತಪ್ಪು ನಂದೂ ಹೌದು ಸಾರ್. ಸೀಸೆ ನೋಡಿಯೂ ಸುಮ್ನಿದ್ದೆ. ಅದನ್ನೂ ಬರೀತೀನಿ. ಕೊಡಿ ಪುಸ್ತಕ.”

ಡಾಕ್ಟರು ಕೊಡಲಿಲ್ಲ. ಅವಳು ಮೇಜಿನ ಆ ಬದಿಗೆ ಹೋಗಿ ತಾನೇ ಎಳೆದುಕೊಂಡಳು.

“ಬರೆದ್ರೆ ನಾಳೆಯಿಂದ ಈ ಬಾಗಿಲು ನಿನಗಿಲ್ಲ.”

“ನಾಳೆವರೆಗೆ ಯಾಕೆ ಸಾರ್.”

ನಿಂತೇ ಬರೆದಳು. ಹಳ್ಳಿ ಶಾಲೆಯಲ್ಲಿ ಕಾಪಿ ಬರೆದು ತಿದ್ದಿದ ಗುಂಡನೆಯ ಅಕ್ಷರ. ಸೀಸೆ ಕಂಡ ದಿನ, ಬಣ್ಣ ಹಾಕಿದ ದಿನ, ಚುಕ್ಕಿಗಳು, ಹಾಸು ಮಾಡಿದವರು ಯಾರು, ಕಂಡೂ ಬಾಯಿ ಮುಚ್ಚಿಕೊಂಡವರು ಯಾರು. ನಾಲ್ಕನೇ ತಳಿ ಹಂದಿಯದಲ್ಲ ಎಂದು ಕೊನೆಗೆ ಬರೆದು ಸಹಿ ಹಾಕಿದಳು. ಪುಟಗಳಿಗೆ ಅಚ್ಚಿನ ಸಂಖ್ಯೆ ಇತ್ತು. ಹರಿದರೆ ಹರಿದದ್ದು ಗೊತ್ತಾಗುತ್ತದೆ. ಅದು ಡಾಕ್ಟರೇ ಮಾಡಿದ ನಿಯಮ. ಅವರು ಕುರ್ಚಿಯಲ್ಲಿ ಕುಸಿದು ಕೂತು ಆ ಪುಟವನ್ನೇ ನೋಡುತ್ತಿದ್ದರು.

ಬಿಳಿ ಕೋಟನ್ನು ಮೊಳೆಗೆ ಸಿಕ್ಕಿಸಿ, ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ದಡದಡ ಇಳಿದು ಗೇಟು ದಾಟುವಾಗ ಕಾವಲುಗಾರ ಅವಳ ಕಾಲು ನೋಡಿದ. ಒಳಗೆ ಮಾತ್ರ ಹಾಕಿಕೊಳ್ಳುವ ನೀಲಿ ರಬ್ಬರ್ ಚಪ್ಪಲಿ. ಅವಳದು ಮೇಲೆ ಗೂಡಿನಲ್ಲೇ ಉಳಿದಿತ್ತು.

“ಹೋಗಿ ತಂದ್ಕೊಡ್ಲಾ ಅಕ್ಕ?”

“ಬೇಡಪ್ಪ. ಇದನ್ನ ಮೇಲಕ್ಕೆ ಕೊಟ್ಬಿಡು.”

ನೀಲಿ ಚಪ್ಪಲಿಗಳನ್ನು ಅವನ ಸ್ಟೂಲಿನ ಕೆಳಗೆ ಜೋಡಿಸಿಟ್ಟಳು. ಮಧ್ಯಾಹ್ನದ ಟಾರು ಕಾದಿತ್ತು. ಬಸ್ಸು ಬಂತು. ಅವಳು ಸೀರೆಯನ್ನು ತುಸು ಮೇಲೆತ್ತಿ, ಬರಿಗಾಲಲ್ಲಿ ಹತ್ತಿದಳು.