ಅಕ್ಕನ ಎರಡನೇ ಹಾಳೆ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ. ಮಗ್ಗದ ಪಕ್ಕದಲ್ಲಿ ಪಿಯಾನೊ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದು ನನ್ನ ಅಕ್ಕ ವಸಂತಮ್ಮನದು. ಬಟ್ಟೆ ಬಾರದ ಮಗ್ಗ ಎಂದು ಬೀದಿಯವರು ನಗುತ್ತಿದ್ದರು. ನನ್ನೆದುರು ನಕ್ಕವರನ್ನು ಬೈದು ಕಳಿಸಿದ್ದೇನೆ.

ಅಕ್ಕನಿಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಸೀರೆ ಗಂಟು ಹೊತ್ತು ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವೊಂದಕ್ಕೆ ಹೋಗುವಾಗ ಅವಳನ್ನೂ ಕರೆದೊಯ್ದಿದ್ದ. ತೋಟದ ದೊರೆಸಾನಿ ಹೊಲಿಗೆಗೆಂದು ಅವಳನ್ನು ಇಟ್ಟುಕೊಂಡಳು. ಬಿಡುವಿನಲ್ಲಿ ಪಿಯಾನೊ ಕಲಿಸಿದಳು. ನಾಲ್ಕು ವರ್ಷ ಕಲಿಸಿ, ಸೀಮೆಗೆ ಹೊರಟಾಗ ಪಿಯಾನೊವನ್ನು ಇವಳಿಗೇ ಕೊಟ್ಟಳು. ಅದು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು, ಯಳಂದೂರಿಗೆ ಇಳಿದು, ಅಲ್ಲಿಂದ ನಮ್ಮ ಮನೆಗೆ ಬಂತು. ಅಕ್ಕನಿಗೆ ಮದುವೆಯಾಯಿತು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಅವಳು ಪಿಯಾನೊ ಬಳಿಗೇ ಮರಳಿದಳು.

ಹಗಲು ನನ್ನ ಮಗ್ಗಕ್ಕೆ ಸೀರೆಯಂಚಿನ ನಕ್ಷೆ ಬರೆದುಕೊಡುತ್ತಿದ್ದಳು. ಸಂಜೆ ನುಡಿಸುತ್ತಿದ್ದಳು. ನುಡಿಸುತ್ತ ತಾನೇ ಕೃತಿ ಕಟ್ಟತೊಡಗಿದಳು. ಅದು ದೊರೆಸಾನಿಯ ಸಂಗೀತವೂ ಅಲ್ಲ, ನಮ್ಮ ದೇವಸ್ಥಾನದ ನಾಗಸ್ವರವೂ ಅಲ್ಲ. ಇಪ್ಪತ್ತೈದು ವರ್ಷದಲ್ಲಿ ಕಟ್ಟಿದ್ದು ಆರು. ಅಷ್ಟು ನಿಧಾನಕ್ಕೆ ನಾನು ನೇಯ್ದಿದ್ದರೆ ಮನೆಮಂದಿ ಉಪವಾಸ ಬೀಳುತ್ತಿದ್ದರು. ಹಾಗೆಂದು ಅವಳಿಗೆ ಹೇಳಿಯೂ ಇದ್ದೆ.

ಕೃತಿ ಬರೆಯಲು ಅವಳು ಬಳಸುತ್ತಿದ್ದದ್ದು ನಕ್ಷೆಯ ಚೌಕುಳಿ ಹಾಳೆಯನ್ನೇ. ಅಡ್ಡಕ್ಕೆ ಒಂದೊಂದು ಚೌಕ ಪಿಯಾನೊದ ಒಂದೊಂದು ಪಟ್ಟಿ. ಕೆಳಗಿಳಿದಂತೆ ಒಂದೊಂದು ಸಾಲು ತಾಳದ ಒಂದೊಂದು ಎಣಿಕೆ. ತುಂಬಿದ ಚೌಕ ಕಂಡರೆ ಆ ಪಟ್ಟಿಯನ್ನು ಒತ್ತಬೇಕು. ಮಗ್ಗದಲ್ಲೂ ಹಾಗೆಯೇ. ಅಡ್ಡಕ್ಕೆ ಎಳೆ, ಕೆಳಕ್ಕೆ ಲಾಳಿಯ ಓಟ, ತುಂಬಿದ ಚೌಕ ಕಂಡರೆ ಎಳೆ ಎತ್ತಬೇಕು. ನನ್ನ ತಪ್ಪು ಆದದ್ದು ಅಲ್ಲಿ.

ಐವತ್ತಮೂರನೇ ಇಸವಿಯಲ್ಲಿ ಅಕ್ಕನಿಗೆ ಟೈಫಾಯ್ಡ್ ಜ್ವರ ಬಂದು ಎರಡು ತಿಂಗಳು ಮಲಗಿದಳು. ಎದ್ದು ಕೂತ ಮೇಲೆ, ಹಿಂದೆ ಸೀರೆ ಕೊಳ್ಳಲು ಬಂದು ಅವಳು ನುಡಿಸಿದ್ದನ್ನು ಕೇಳಿಹೋಗಿದ್ದ ಮೈಸೂರಿನ ಮಹಿಳಾ ಸಮಾಜದ ಸುವರ್ಣಮ್ಮನವರಿಂದ ಕಾಗದ ಬಂತು. ಬರುವ ಭಾನುವಾರ ಸಭೆಯಲ್ಲಿ ಆರು ಕೃತಿಗಳನ್ನೂ ನೀವೇ ನುಡಿಸಬೇಕು ಎಂದು ಬರೆದಿದ್ದರು. ನಮ್ಮ ಬೀದಿಯ ಆಚೆ ಅವಳನ್ನು ಯಾರೂ ಹೀಗೆ ಕರೆದಿರಲಿಲ್ಲ. ಅಕ್ಕ ಕಾಗದವನ್ನು ಮೂರು ಸಲ ಓದಿ, ನಕ್ಷೆ, ಕೃತಿ ಎರಡನ್ನೂ ಇಡುತ್ತಿದ್ದ ಪೆಟ್ಟಿಗೆ ತೆಗೆದಳು.

"ದೇವ, ಆರನೇದರ ಎರಡ್ನೇ ಹಾಳೆ ಕಂಡ್ಯಾ?"

"ಯಾವುದಕ್ಕ?"

"ಮೂಲೇಲಿ ಅರಿಸಿನದ ಕಲೆ ಇತ್ತು."

ನನ್ನ ಕೈಯಲ್ಲಿದ್ದ ಲಾಳಿ ನಿಂತಿತು. "ಅದು ನಕ್ಷೆ ಅಲ್ವಾ?"

ಅಕ್ಕ ನನ್ನನ್ನೇ ನೋಡಿದಳು. "ನೇಯ್ದ್‌ಬುಟ್ಯಾ?"

ನೇಯ್ದಿದ್ದೆ. ಅವಳು ಜ್ವರದಲ್ಲಿದ್ದಾಗ ಹೊಸ ನಕ್ಷೆ ಬೇಕಾಗಿ ಪೆಟ್ಟಿಗೆಗೆ ಕೈ ಹಾಕಿದ್ದೆ. ನೇಯ್ಗೆ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ಗಂಜಿ ಚೆಲ್ಲಿ ಅದು ಕೊಳೆಯಿತು, ಒಲೆಗೆ ಹಾಕಿದೆ. ನಕ್ಷೆಗೆಂದು ಮಗ್ಗದಲ್ಲಿ ಕಟ್ಟಿದ್ದ ಗಂಟುಗಳನ್ನೂ ಬಿಚ್ಚಿಯಾಗಿತ್ತು.

"ಇನ್ನೊಂದ್ಸಲ ಬರ್ಕೊ. ನೀನು ಕಟ್ಟಿದ್ದು ನಿನಗೇ ನೆಪ್ಪಿಲ್ವಾ?" ಎಂದೆ. ತಪ್ಪು ನನ್ನದಾದಾಗ ನನ್ನ ದನಿ ಜೋರಾಗುತ್ತದೆ.

"ಜ್ವರ ತಿಂದಾಕ್‌ಬುಡ್ತು ಕಣ್ಲಾ. ಮೊದಲ್ನೇ ಹಾಳೆ ಮುಗೀತಿದ್ದಂಗೆ ಗೋಡೆ ಅಡ್ಡ ಬಂದಂಗಾಯ್ತದೆ." ಪೆಟ್ಟಿಗೆ ಮುಚ್ಚಿ ಕೇಳಿದಳು, "ಈಗ ಅದ್ನ ಯಾರು ಉಟ್ಕಂಡವ್ರೆ?"

ಮುಳ್ಳೂರಿನ ಚನ್ನಾಜಮ್ಮನವರು ಸೊಸೆಯ ಧಾರೆಗೆ ಕೊಂಡಿದ್ದರು. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಸಿ ಹೊರಟೆವು. ಚನ್ನಾಜಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಏನ್ ದೇವಣ್ಣ, ಮಾರಿದ್ ಸೀರೆ ವಾಪಸ್ ತಕಂಡೋಗಾಕ್ ಬಂದ್ಯಾ?"

"ಇಲ್ಲ ಅವ್ವ. ಒಂದ್ಸಲ ಓದ್ಕಂಡು ಓಯ್ತೀವಿ."

"ಸೀರೇನ ಓದದಾ? ನಮ್ಮನೇಲಿ ಪುಸ್ತಕಾನೇ ಯಾರೂ ಓದಾಕಿಲ್ಲ!"

ಆದರೂ ಸೊಸೆಯನ್ನು ಕರೆದು ಸೀರೆ ತರಿಸಿದರು. ಅಕ್ಕ ಚಾಪೆಯ ಮೇಲೆ ಕೂತು ಅಂಚನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಅಂಚಿನಲ್ಲಿ ನಕ್ಷೆ ಮತ್ತೆ ಮತ್ತೆ ಬರುತ್ತದೆ, ಒಂದು ಸುತ್ತು ಓದಿದರೆ ಸಾಕು. ಶುರು ಎಲ್ಲಿ ಎಂದು ನಾನು ತೋರಿಸಿದೆ. ಬಲಗೈಯಲ್ಲಿ ಹೊಸ ಹಾಳೆಯ ಚೌಕ ತುಂಬುತ್ತ, ಎಡಗೈ ಬೆರಳುಗಳನ್ನು ಚಾಪೆಯ ಮೇಲೆ ಒತ್ತುತ್ತ ಸಾಲು ಸಾಲಾಗಿ ಇಳಿದಳು. ಗಂಟಲಲ್ಲೇ ಗುನುಗುತ್ತಿದ್ದಳು. ಚನ್ನಾಜಮ್ಮ ಅವರೆಕಾಯಿ ಬಿಟ್ಟು ನೋಡುತ್ತಿದ್ದರು.

ಒಂದು ಕಡೆ ಬೆರಳು ನಿಂತಿತು. ಮೇಲಿನಿಂದ ಮತ್ತೆ ಬಂದಳು. ಅಲ್ಲೇ ನಿಂತಳು.

"ಇಲ್ಲೇನೋ ಇತ್ತು. ಇಲ್ಲಿ ತಡೀಬೇಕು. ಇದು ತಡೀದಂಗೆ ಓಯ್ತದೆ."

ನನಗೆ ಗೊತ್ತಿತ್ತು. ಹೇಳದಿದ್ದರೆ ಆ ಹಾಳೆ ಹಾಗೇ ಮೈಸೂರಿಗೆ ಹೋಗುತ್ತಿತ್ತು, ಅವಳು ಅದನ್ನೇ ನುಡಿಸುತ್ತಿದ್ದಳು.

"ಅಲ್ಲಿ ನಕ್ಷೆ ಓರೆಯಾಗಿತ್ತು ಕಣಕ್ಕ. ಜ್ವರದ ಕೈ ತಪ್ಪಿರ್ಬೇಕು ಅಂದ್ಕಂಡು ನಾನೇ ನೆಟ್ಟಗೆ ಮಾಡ್ದೆ."

"ಅಂಗಾದ್ರೆ ನಮ್ ಸೀರೇಲಿ ತಪ್ಪು ಅದಾ?" ಎಂದು ಚನ್ನಾಜಮ್ಮ ಮುಂದಕ್ಕೆ ಬಾಗಿದರು.

"ಸೀರೆ ಸರಿಯಾಗೇ ಅದೆ ಅವ್ವ. ಅದೇ ತೊಂದ್ರೆ," ಎಂದಳು ಅಕ್ಕ. ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. "ಎಷ್ಟು ಓರೆ ಇತ್ತು, ಯೋಳು."

ನೇಯುವವನಿಗೆ ಚೆನ್ನಾಗಿ ಬಂದ ನೂರು ಸೀರೆ ಮರೆತುಹೋಗುತ್ತವೆ. ಕಣ್ಣಿಗೆ ಚುಚ್ಚಿದ ಒಂದು ತಪ್ಪು ಸಾಯುವವರೆಗೆ ಮರೆಯುವುದಿಲ್ಲ. ಆ ಜಾಗ ನೋಡಿ ಎರಡು ದಿನ ಅಕ್ಕನನ್ನು ಬೈದುಕೊಂಡಿದ್ದೆ. ಕಣ್ಣು ಮುಚ್ಚಿದೆ. ಅರಿಸಿನದ ಕಲೆಯ ಸಮೇತ ಹಾಳೆ ಕಂಡಿತು.

"ನಲವತ್ತೊಂದ್ನೇ ಸಾಲು. ಹೂವಿನ ತುದಿ ಬಲಕ್ಕೆ ಎರಡು ಚೌಕ ಸರಿದಿತ್ತು. ಮುಂದಿನ ಎರಡು ಸಾಲು ಪೂರಾ ಖಾಲಿ. ಆಮೇಲೆ ಎಡಗಡೆ ಕೊನೇಲಿ ಒಂದೇ ಒಂದು ಚೌಕ, ದಿಕ್ಕಿಲ್ಲದಂಗೆ ಕೂತಿತ್ತು."

ಅಕ್ಕ ಬರೆದುಕೊಂಡಳು. ಮತ್ತೆ ಮೇಲಿನಿಂದ ಬಂದಳು. ಚಾಪೆಯ ಮೇಲೆ ಬೆರಳುಗಳು ಎರಡು ಎಣಿಕೆ ತಡೆದವು. ಆಮೇಲೆ ಕಿರುಬೆರಳು ಒಂದೇ ಇಳಿಯಿತು. ಅವಳ ಮುಖ ನೋಡಿ ನಾನು ಜಗಲಿಯ ಕಂಬದ ಕಡೆ ತಿರುಗಿಕೊಂಡೆ.

"ದಿಕ್ಕಿಲ್ಲದಂಗೆ ಅಲ್ಲ ಕಣ್ಲಾ," ಎಂದಳು. "ಆ ಖಾಲಿ ಸಾಲಿಗೇ ನಾಕ್ ತಿಂಗ್ಳು ಕಾದಿದ್ದೆ."

ಭಾನುವಾರ ಮೈಸೂರಿನ ಸಭೆಯಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ಅಕ್ಕ ಐದು ಕೃತಿ ನುಡಿಸಿ ಆರನೆಯದಕ್ಕೆ ಬಂದಳು. ಮೊದಲ ಹಾಳೆ ಮುಗಿಯಿತು. ಎರಡನೆಯದರ ಸಾಲುಗಳನ್ನು ನಾನು ಬೆರಳಲ್ಲಿ ಎಣಿಸತೊಡಗಿದೆ. ನಲವತ್ತೊಂದಕ್ಕೆ ಸ್ವರ ಪಕ್ಕಕ್ಕೆ ಸರಿಯಿತು. ಅಕ್ಕ ಕೈ ಎತ್ತಿದಳು. ಖಾಲಿ ಸಾಲು ಬಂದಿತ್ತು.

ಪಕ್ಕದಲ್ಲಿದ್ದ ಪೇಟದ ಯಜಮಾನರು ನನ್ನ ಕಡೆ ಬಾಗಿ, "ಪಾಪ, ತಪ್ಪಿದರು ಅನ್ನಿಸುತ್ತೆ," ಎಂದರು.

"ತಪ್ಪಲ್ಲ ಸಾ," ಎಂದೆ. "ಬಾಯ್ ಮುಚ್ಕಂಡು ಕೇಳಿ."