ಖಾಲಿ ಪಾತ್ರೆಯ ಮರ್ಯಾದೆ

ಅಮೆರಿಕದಲ್ಲೇ ಹುಟ್ಟಿ ಅಮೆರಿಕದ ಬದುಕನ್ನೇ ಒಂದು ವಿಷಯವಾಗಿ ಓದಲು ಕಾಲೇಜಿಗೆ ಹೋದವಳು ಎಂದರೆ ಊರಿಗೆಲ್ಲ ನಗು. ಬ್ರೀಟಾಳ ಅಪ್ಪನಂತೂ ಅವಳು ರಜೆಗೆ ಬಂದಾಗಲೆಲ್ಲ ಕೆಣಕದೆ ಬಿಟ್ಟವನಲ್ಲ.

"ಚರಿತ್ರೆನೂ ಅಲ್ಲ, ಸಾಹಿತ್ಯನೂ ಅಲ್ಲ, ಎಲ್ಲದ್ರಿಂದ ಒಂದೊಂದು ಸೌಟು. ನಮ್ಮನೆ ಜಗಲಿ ಮೇಲೆ ಕೂತಿದ್ರೆ ಇದೆಲ್ಲ ಪುಕ್ಕಟೆ ಸಿಗ್ತಿತ್ತಲ್ಲೇ?"

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊನೆಯ ವರ್ಷದ ಪ್ರಬಂಧಕ್ಕೆ ಬ್ರೀಟಾ ಆರಿಸಿಕೊಂಡದ್ದು ತನ್ನೂರಿನ ಚರ್ಚಿನ ನೆಲಮಾಳಿಗೆಯನ್ನೇ. ಮಿನ್ನೆಸೋಟದ ಆ ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಮನೆಗೊಂದು ಪದಾರ್ಥ ಮಾಡಿ ತರುತ್ತಾರೆ. ಮಣ್ಣು ಮಾಡಿ ಬಂದವರೆಲ್ಲ ಆ ನೆಲಮಾಳಿಗೆಯಲ್ಲಿ ಕೂತು ಉಣ್ಣುತ್ತಾರೆ. ಪಾತ್ರೆಯ ತಳಕ್ಕೆ ಅಂಟುಪಟ್ಟಿ, ಅದರ ಮೇಲೆ ಹೆಸರು. ಯಾರ ಪಾತ್ರೆ ಬಳಿದು ಖಾಲಿಯಾಯಿತು, ಯಾರದು ಹಾಗೇ ಉಳಿಯಿತು ಎಂಬುದರ ಮೇಲೆ ಅಲ್ಲಿ ಹೆಂಗಸರ ಮಾನ ನಿಂತಿದೆ.

ಒಂದು ಗುಟ್ಟನ್ನು ಅವಳಿಗೆ ಹೇಳಿದ್ದು ಅಜ್ಜಿ ಆರ್ಡಿಸ್. ಅಜ್ಜಿಯ ಜೀವದ ಗೆಳತಿ ಲವಾನ್ ಪ್ರತಿ ಸಲವೂ ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ ತರುತ್ತಾಳೆ. ಅದನ್ನು ಒಂದು ನರಪಿಳ್ಳೆಯೂ ಮುಟ್ಟುವುದಿಲ್ಲ. ಯಾರೂ ನೋಡದಾಗ ಅಜ್ಜಿ ಅದನ್ನು ಕಸಕ್ಕೆ ಸುರಿದು, ಪಾತ್ರೆ ತೊಳೆದು ಗೆಳತಿಯ ಕೈಗಿಡುತ್ತಾಳೆ. ಅಜ್ಜಿ ಮದುವೆಯಾಗಿ ಈ ಊರಿಗೆ ಬಂದ ಹೊಸದರಿಂದಲೂ ಇದೇ ನಡೆದಿದೆ.

"ಹೆಸರು ಮಾತ್ರ ಹಾಕ್ಬೇಡ ಮಗು. ಗೊತ್ತಾದ್ರೆ ಅವಳು ಇನ್ನು ನನ್ನ ಮನೆ ಮೆಟ್ಟಿಲು ಹತ್ತಲ್ಲ," ಎಂದಿದ್ದಳು ಅಜ್ಜಿ.

ಬ್ರೀಟಾ ಎಲ್ಲರ ಹೆಸರನ್ನೂ ಬದಲಾಯಿಸಿದಳು. ಓದಿದ ಅವಳ ಅಧ್ಯಾಪಕಿ ಟಿಬ್ಸ್ ಮೇಡಂ, "ಈ ಪುಟವೇ ನಿನ್ನ ಪ್ರಬಂಧದ ಜೀವ. ಎಲ್ಲರೆದುರು ಓದುವ ದಿನ ಇದನ್ನ ಬಿಡಬೇಡ. ನಾನು ನಂಬರು ಕೊಡೋದೇ ಇದನ್ನ ನೋಡಿ," ಎಂದರು.

ಓದುವ ದಿನ ಬಂತು. ಜೊತೆಗೆ, ಯಾರೂ ಕರೆಯದಿದ್ದರೂ, ಚರ್ಚಿನ ವ್ಯಾನೂ ಬಂತು. ಅಜ್ಜಿ, ಲವಾನ್, ಅವರ ಜೊತೆಗಾತಿ ಕೋರಾ, ಇನ್ನೊಂದಿಷ್ಟು ಹೆಂಗಸರು. ಬರಿಗೈಲಿ ಬರುವ ಜಾತಿಯೇ ಅಲ್ಲ ಅವರು. ಕೋಣೆಯ ಹಿಂದಿನ ಮೇಜಿನ ಮೇಲೆ ನೋಡನೋಡುತ್ತಿದ್ದಂತೆ ಪಾತ್ರೆಗಳು ಸಾಲಾಗಿ ಕೂತವು. ಕಾಲೇಜಿನವರು ತಂದಿಟ್ಟಿದ್ದ ಬಿಸ್ಕತ್ತಿನ ತಟ್ಟೆಯನ್ನು ಮೂಲೆಗೆ ತಳ್ಳಲಾಯಿತು.

ಬ್ರೀಟಾ ಹಂಚಿದ್ದ ಒಂದು ಪುಟದ ಸಾರಾಂಶವನ್ನು ಮುಂದಿನ ಸಾಲಿನಲ್ಲಿ ಕೂತ ಲವಾನ್ ಕನ್ನಡಕ ಏರಿಸಿ ಓದಿದಳು. ಓದಿ ಕೋರಾಳ ತೊಡೆಗೆ ಒಂದು ಏಟು ಕೊಟ್ಟಳು.

"ನೋಡೇ ಇಲ್ಲಿ. 'ಬೀನ್ಸ್ ತರುವ ಶ್ರೀಮತಿ ಗ್ರೀನ್' ಅಂತೆ. ಬೀನ್ಸ್ ಅಂದ್ರೆ ನೀನೇ ಅಲ್ವೇನೇ? ಹೆಸರು ಬದಲಾಯಿಸಿದ್ರೆ ಗೊತ್ತಾಗಲ್ಲ ಅಂದ್ಕೊಂಡಿದಾಳೆ ಹುಡುಗಿ. ನಾನು ಎಲ್ಲಿ ಬರ್ತೀನೋ ನೋಡೋಣ ತಾಳು."

ಬ್ರೀಟಾಗೆ ಆಗಲೇ ಹೊಳೆದದ್ದು. ಎಂಥ ಪೆದ್ದಿ ತಾನು. ಊರಲ್ಲಿ ಹೆಂಗಸಿಗೆ ಹೆಸರು ಒಂದು ನೆಪ, ಅವಳನ್ನು ಗುರುತಿಸುವುದೇ ಅವಳು ತರುವ ಪದಾರ್ಥದಿಂದ ಎಂದು ತಾನೇ ಮೊದಲ ಅಧ್ಯಾಯದಲ್ಲಿ ಬರೆದಿದ್ದಳಲ್ಲ. ಬರೆದೂ ಹೆಸರನ್ನಷ್ಟೇ ಬದಲಾಯಿಸಿ, ಜೆಲ್ಲಿಯನ್ನು ಕ್ಯಾರೆಟ್ ಸಮೇತ ಹಾಗೇ ಬಿಟ್ಟಿದ್ದಳು.

ಅವಳ ಹೆಸರು ಕರೆದರು. ಎದ್ದು ಹೋಗಿ ಶುರುಮಾಡಿದಳು. ಓದುತ್ತ ಓದುತ್ತ ಮನಸ್ಸು ಮುಂದಿನ ಪುಟಕ್ಕೇ ಓಡುತ್ತಿತ್ತು. ಜೆಲ್ಲಿ ಬೇಡ, ಬೀನ್ಸ್ ಎಂದುಬಿಡಲೇ? ಬೀನ್ಸ್ ಎಂದರೆ ಕೋರಾ. ಆಲೂಗಡ್ಡೆ? ಅದು ಪಾದ್ರಿಯ ಹೆಂಡತಿ. ಹಾಳಾದ ಊರಲ್ಲಿ ಒಡತಿಯಿಲ್ಲದ ಪದಾರ್ಥ ಒಂದಾದರೂ ಇರಬಾರದೇ? ಪುಟವನ್ನೇ ಹಾರಿಸೋಣವೆಂದರೆ ಟಿಬ್ಸ್ ಮೇಡಂ ಪ್ರತಿ ಹಿಡಿದು ಸಾಲು ಸಾಲೂ ನೋಡುತ್ತಿದ್ದಾರೆ. ಲವಾನ್ ಕುರ್ಚಿಯ ತುದಿಗೆ ಸರಿದು, ತನ್ನ ಸರದಿಗೆ ಕಾದ ಮಗುವಿನ ಹಾಗೆ ಕೂತಿದ್ದಾಳೆ. ಪಕ್ಕದಲ್ಲಿ ಅಜ್ಜಿಯ ಮುಖ ಸುಣ್ಣವಾಗಿದೆ.

ಆ ಪುಟ ಬಂದೇ ಬಂತು.

"ಒಬ್ಬ ಹೆಂಗಸು ಪ್ರತಿ ಸಲವೂ..." ಬ್ರೀಟಾ ಅಜ್ಜಿಯ ಕಡೆ ನೋಡಿದಳು. "ಪ್ರತಿ ಸಲವೂ ಟ್ಯೂನಾ ಮೀನಿನ ನೂಡಲ್ಸ್ ತರುತ್ತಾಳೆ. ಮೇಲೆ ಪುಡಿ ಮಾಡಿದ ಚಿಪ್ಸ್. ಅದನ್ನು ಯಾರೂ ತಿನ್ನುವುದಿಲ್ಲ. ಅವಳ ಗೆಳತಿ ಗುಟ್ಟಾಗಿ ಅದನ್ನು ಸುರಿದು, ಪಾತ್ರೆ ತೊಳೆದು ಕೊಡುತ್ತಾಳೆ."

ಟ್ಯೂನಾ ನೂಡಲ್ಸ್ ಅಂದರೆ ಅಜ್ಜಿ.

ಟಿಬ್ಸ್ ಮೇಡಂ ಹಾಳೆಯಿಂದ ತಲೆಯೆತ್ತಿ, "ಒಂದು ನಿಮಿಷ, ನನ್ನ ಪ್ರತೀಲಿ..." ಎಂದವರು ಬ್ರೀಟಾಳ ಮುಖ ನೋಡಿದರು, ಮುಂದಿನ ಸಾಲು ನೋಡಿದರು, ಪೆನ್ನು ಮುಚ್ಚಿ, "ಇರಲಿ, ಮುಂದುವರಿಸು," ಎಂದರು. ಬ್ರೀಟಾಗೆ ಹೋದ ಜೀವ ಬಂದಂತಾಯಿತು.

ಮುಗಿದ ಮೇಲೆ ಅಜ್ಜಿ ಬಂದು ಗಟ್ಟಿಯಾಗಿ ತಬ್ಬಿಕೊಂಡಳು.

"ಬದುಕಿಸಿದೆ ಕಣೇ. ಅದನ್ನ ನನ್ನ ತಲೆಗೆ ಕಟ್ಟಿದ್ದು ಒಳ್ಳೇದೇ ಆಯ್ತು. ನನ್ನ ನೂಡಲ್ಸ್ ಯಾವತ್ತು ಉಳಿದಿದೆ ಹೇಳು? ಯಾರೂ ನಂಬಲ್ಲ."

ನಗುತ್ತಲೇ ಕಾಫಿಗೆ ಹೋದಳು. ಅವಳು ಅತ್ತ ತಿರುಗಿದ್ದೇ ತಡ, ಲವಾನ್ ಬ್ರೀಟಾಳ ತೋಳು ಹಿಡಿದು ಪಕ್ಕದ ಅಡುಗೆಕೋಣೆಗೆ ಎಳೆದುಕೊಂಡು ಹೋದಳು. ಮುದುಕಿಯ ಕಣ್ಣಲ್ಲಿ ನೀರು.

"ಯಾರೇ ಹೇಳಿದ್ದು ನಿಂಗೆ?"

"ಏನನ್ನ, ಲವಾನಜ್ಜಿ?"

"ನೂಡಲ್ಸ್ ವಿಷಯ. ನಿಮ್ಮಜ್ಜಿ ಮಾಡಿದ್ದನ್ನ ಯಾರೂ ಮುಟ್ಟಲ್ಲ, ನಾನೇ ಮನೆಗೆ ಒಯ್ದು ನಾಯಿಗೆ ಹಾಕೋದು ನನ್ನ ಗಂಡನಿಗೂ ಗೊತ್ತಿಲ್ಲ. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಅವಳ ಎದುರಿಗೇ ಓದ್ಬಿಟ್ಟೆಯಲ್ಲೇ. ಅವಳಿಗೆ ಎಷ್ಟು ನೋವಾಗಿರ್ಬೇಡ?"

ಬ್ರೀಟಾಗೆ ನಗು ಬರಲಿಲ್ಲ. ಈಗ ಎರಡು ಕಡೆಯ ಗುಟ್ಟೂ ತನ್ನೊಬ್ಬಳ ಹೊಟ್ಟೆಯಲ್ಲಿದೆ ಎಂದು ಭಯವಾಯಿತು.

"ಇಲ್ಲ ಲವಾನಜ್ಜಿ. ಅಜ್ಜಿ ಅದನ್ನ ನಂಬೇ ಇಲ್ಲ. ನಗ್ತಿದ್ದಾಳೆ, ನೋಡಿ ಬೇಕಾದ್ರೆ."

ಲವಾನ್ ಬಾಗಿಲಿನಿಂದ ಇಣುಕಿ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡಳು. ಹೊರಗೆ ಮೇಜಿನ ಮೇಲೆ ಜೆಲ್ಲಿಯೂ ನೂಡಲ್ಸೂ ಅಕ್ಕಪಕ್ಕ ಕೂತಿದ್ದವು. ಎರಡಕ್ಕೂ ಚಮಚ ತಗಲಿರಲಿಲ್ಲ.

"ಇಲ್ಲಿ ನಾಯಿ ಇಲ್ವಲ್ಲೇ, ಏನ್ ಮಾಡೋದು?" ಎಂದಳು ಲವಾನ್.

"ನೀವು ಹೋಗಿ ಅಜ್ಜೀನ ಮಾತಾಡಿಸ್ತಾ ಇರಿ. ನಾನು ನೋಡ್ಕೋತೀನಿ."

ಬ್ರೀಟಾ ಎರಡು ಪಾತ್ರೆಗಳನ್ನೂ ಅಡುಗೆಕೋಣೆಗೆ ತಂದು ಬಾಗಿಲು ಹಾಕಿಕೊಂಡಳು. ಎರಡನ್ನೂ ಬಳಿದು ಕಸದ ಬುಟ್ಟಿಗೆ ಸುರಿದು, ಮೇಲೆ ಹಳೇ ಪತ್ರಿಕೆ ಮುಚ್ಚಿ, ತಳದ ಅಂಟುಪಟ್ಟಿ ನೆನೆಯದ ಹಾಗೆ ತೊಳೆದು ಒರೆಸಿದಳು. ಹೊರಗೆ ಬಂದು ಲವಾನ್‌ಗೆ ಅವಳದನ್ನು ಕೊಟ್ಟಳು, ಅಜ್ಜಿಗೆ ಅಜ್ಜಿಯದನ್ನು. ಲವಾನ್ ತನ್ನ ಪಾತ್ರೆಯನ್ನು ಕಣ್ತುಂಬ ನೋಡಿಕೊಂಡಳು. ಅಜ್ಜಿ ತನ್ನದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ನೋಡಿದೆಯಾ, ಒಂದು ಚೂರೂ ಉಳಿದಿಲ್ಲ."

"ಸಾಲಲೇ ಇಲ್ಲ ಅಜ್ಜಿ," ಎಂದಳು ಬ್ರೀಟಾ. "ಮುಂದಿನ ಸಲ ಸ್ವಲ್ಪ ಜಾಸ್ತಿ ಮಾಡ್ಕೊಂಡು ಬಾ."