ಟೇಕಡಿಯ ಮೇಲಿನ ಹೆಸರು

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ದತ್ತು ತಲೆ ಎತ್ತಿದಾಗ ವಾಡೆಯ ಬಾಗಿಲಲ್ಲಿ ಅಪರಿಚಿತ ಹೆಂಗಸೊಬ್ಬಳು ನಿಂತಿದ್ದಳು. ಐವತ್ತರ ಆಸುಪಾಸು. ತಲೆಗೆ ಬಟ್ಟೆಯ ಟೊಪ್ಪಿಗೆ, ಧೂಳು ಹತ್ತಿದ ಬೂಟು, ಕೊರಳಲ್ಲಿ ದುರ್ಬೀನು. ಬಿದಿರು, ಹುಲ್ಲು, ಮಡಕೆ ನೋಡಿ ಅವಳ ಕೈ ತಾನಾಗಿಯೇ ಟೊಪ್ಪಿಗೆಯನ್ನು ತೆಗೆಯಿತು. ಮರಾಠಿಯಲ್ಲಿ ಏನೋ ಕೇಳಹೊರಟವಳು, ಒಳಗಿನ ಹೆಂಗಸರ ಅಳುವಿನಲ್ಲಿ ಕನ್ನಡ ಕೇಳಿಸಿ ಕನ್ನಡಕ್ಕೆ ಹೊರಳಿದಳು.

"ಇಲ್ಲಿ ಆರತಿ ಅಕ್ಕ ಅಂತ ಇದ್ದಾರಲ್ಲ... ಇವತ್ತು ಟೇಕಡಿ ಹತ್ತಲಿಕ್ಕೆ ಬರಲಿಲ್ಲ. ಹುಷಾರಿಲ್ವೋ ಏನೋ ಅಂತ ನೋಡ್ಲಿಕ್ಕೆ ಬಂದೆ."

ದತ್ತು ಅಂಗಳದ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಣ್ಣ ಪ್ರಲ್ಹಾದರಾಯನತ್ತ ಕಳ್ಳನಂತೆ ನೋಡಿ ದನಿ ತಗ್ಗಿಸಿದ. "ಆ ಹೆಸರಿನವರು ಇಲ್ಲೆ ಯಾರೂ ಇಲ್ರಿ. ಇದು ಪ್ರಲ್ಹಾದರಾಯರ ಮನಿ. ನಮ್ಮ ವೈನಿ, ಅಣ್ಣನ ಹೆಂಡ್ತಿ, ತೀರಿಕೊಂಡಾರ. ಅನುಸೂಯಾಬಾಯಿ. ನೀವು ಮನಿ ತಪ್ಪೀರಿ."

"ಇಲ್ಲ, ಇದೇ ಬಾಗಿಲು. ಹೋದ ವಾರ ನಾನೇ ರಿಕ್ಷಾದಲ್ಲಿ ಬಿಟ್ಟು ಹೋದದ್ದು."

ಅಷ್ಟರಲ್ಲಿ ಒಳಗಿನಿಂದ ಹೆಣವನ್ನು ಎತ್ತಿ ತಂದರು. ಹಸಿರು ಸೀರೆ, ಹಣೆಯ ತುಂಬ ಕುಂಕುಮ. ಹೆಂಗಸು ಒಂದು ಹೆಜ್ಜೆ ಮುಂದೆ ಬಂದು ಆ ಮುಖವನ್ನು ನೋಡಿದಳು.

"ಇವರೇ," ಅಂದಳು. "ಇವರೇ ಆರತಿ ಅಕ್ಕ."

ಅಳು ನಿಂತಿತು. ನೆರೆಮನೆಯ ಸಾವಿತ್ರಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಹೆಸರನ್ನು ಈ ಅಂಗಳದಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ಅಂದು ಬಹಳ ವರ್ಷಗಳಾಗಿದ್ದವು. ಪ್ರಲ್ಹಾದರಾಯ ಕುರ್ಚಿಯಿಂದ ಎದ್ದ.

*

ಪ್ರಲ್ಹಾದರಾಯ ಮತ್ತು ಅನುಸೂಯಾಗೆ ಒಬ್ಬಳೇ ಮಗಳು, ಆರತಿ. ತೊಂಬತ್ತೆರಡರ ಏಪ್ರಿಲ್‌ನಲ್ಲಿ, ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಸಿ, ಗೆಳತಿಯ ಜೊತೆ ಚಿಟ್ಟೆ ನೋಡುತ್ತೇನೆಂದು ಊರ ಪಕ್ಕದ ಗುಡ್ಡ, ವೇತಾಳ ಟೇಕಡಿಗೆ ಹೋದಳು. ಚಿಟ್ಟೆಯೊಂದರ ಬೆನ್ನು ಹತ್ತಿ ಮುಂದೆ ಓಡಿದಳೆಂದು ಗೆಳತಿ ಹೇಳಿದಳು, ಯಾವ ಚಿಟ್ಟೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಸಂಜೆ ಪ್ರಲ್ಹಾದರಾಯ ಟೇಕಡಿಯ ತುಂಬ ಮಗಳ ಹೆಸರು ಕೂಗುತ್ತ ತಿರುಗಿದ. ಹಳೆಯ ಕಲ್ಲಿನ ಕ್ವಾರಿಯ ಅಂಚಿನಲ್ಲಿ ಕೂಗಿದಾಗ ಪ್ರತಿ ಸಲವೂ ಹೆಸರು ಅವನಿಗೇ ಮರಳಿ ಬಂತು. ಮರುದಿನ ಅದೇ ಕ್ವಾರಿಯ ನೀರಿನಲ್ಲಿ ಮಗಳು ಸಿಕ್ಕಳು.

ದಿನಕರ್ಮ ಮುಗಿದ ಮೇಲೆ ಅವನು ಹೆಂಡತಿಗೆ ಹೇಳಿದ: "ಇನ್ನ ಮ್ಯಾಲ ಆ ಹೆಸರು ಈ ಮನ್ಯಾಗ ತಗೀಬ್ಯಾಡ. ನನ್ನ ಕೈಲೆ ಆಗೂದಿಲ್ಲ."

ಅನುಸೂಯಾ ಹೂಂ ಅಂದಳು. ಆದರೆ ಮರಾಠಿ ಓಣಿಗಳ ನಡುವೆ, ಅವರಿದ್ದ ಸದಾಶಿವ ಪೇಠದಲ್ಲಿ ಆ ಶಬ್ದವನ್ನು ತಪ್ಪಿಸಿಕೊಳ್ಳುವುದು ಸುಲಭವೇ? ಗಣಪತಿ ಹಬ್ಬದಲ್ಲಿ ಓಣಿಗೊಂದು ಮಂಟಪ, ಸಂಜೆಯಾದರೆ "ಚಲಾ, ಆರತೀಲಾ ಚಲಾ" ಎಂದು ಎಲ್ಲರನ್ನೂ ಆರತಿಗೆ ಕರೆಯುವ ಕೂಗು. ಅವನು ಎದ್ದು ಕಿಟಕಿ ಮುಚ್ಚುತ್ತಿದ್ದ. ಮನೆಯ ಪೂಜೆಯಲ್ಲಿ ಅವಳು "ದೀಪ ಬೆಳಗ್ರಿ" ಎನ್ನುತ್ತಿದ್ದಳು. ಹೀಗೇ ವರ್ಷಗಳು ಕಳೆದವು. ಆಮೇಲೆ ಒಂದು ಭಾನುವಾರ ಅವಳು, "ಮಠಕ್ಕ ಹೋಗಿ ಬರ್ತೀನ್ರಿ" ಎಂದು ಬೆಳಿಗ್ಗೆಯೇ ಹೊರಟಳು. ನಂತರದ ಭಾನುವಾರಗಳಲ್ಲಿಯೂ ಹೋದಳು. ಅವನು ಏನೂ ಕೇಳಲಿಲ್ಲ. ಮರಳಿ ಬಂದ ದಿನ ಅವಳು ನಾಲ್ಕು ಮಾತು ಹೆಚ್ಚು ಆಡುತ್ತಿದ್ದಳು, ಅದೇ ಸಾಕಾಗಿತ್ತು.

*

ಹೆಂಗಸಿನ ಹೆಸರು ಹರಿಣಾಕ್ಷಿ, ಉಡುಪಿ ಕಡೆಯವಳು. ಗಂಡನದು ಅದೇ ಊರಿನ ಡೆಕ್ಕನ್ ಭಾಗದಲ್ಲಿ ಹೋಟೆಲು. ಶವಯಾತ್ರೆಯ ಹಿಂದೆ ಅವಳೂ ವೈಕುಂಠ ಸ್ಮಶಾನಕ್ಕೆ ಬಂದಳು. ಚಿತೆಗೆ ಕಟ್ಟಿಗೆ ಒಟ್ಟುವ ತನಕ ಕಾಯಬೇಕಾಗಿತ್ತು. ಪ್ರಲ್ಹಾದರಾಯ ತಾನಾಗಿಯೇ ಅವಳ ಬಳಿಗೆ ಹೋಗಿ ಕಟ್ಟೆಯ ಮೇಲೆ ಕೂತ.

"ಆಕಿ ನಿಮಗ ಹೆಂಗ ಗುರ್ತು?"

ಹರಿಣಾಕ್ಷಿ ಹೇಳಿದಳು. ಭಾನುವಾರ ಟೇಕಡಿಯ ಮೇಲೆ ಚಿಟ್ಟೆ ನೋಡುವ ನಾಲ್ಕೈದು ಮಂದಿಯ ಗುಂಪು ಅವರದು. ಮೂರು ವರ್ಷದ ಕೆಳಗೆ, ಇಂಥದೇ ಚೈತ್ರದಲ್ಲಿ, ಮರವೊಂದರ ಕೆಳಗೆ ಕತ್ತು ಮೇಲೆ ಮಾಡಿ ನಿಂತಿದ್ದಾಗ ಚಪ್ಪಲಿಯಲ್ಲೇ ಟೇಕಡಿ ಹತ್ತಿ ಬಂದಿದ್ದ ಅನುಸೂಯಾ ಪಕ್ಕದಲ್ಲಿ ಬಂದು ನಿಂತಿದ್ದಳು.

"ಏನ್ ನೋಡಾಕತ್ತೀರಿ?" ಎಂದು ಕೇಳಿದ್ದಳು.

"ಜೆಝೆಬೆಲ್ ಅಂತ, ಚಿಟ್ಟೆ. ಮರದ ಮೇಲೆ ಬಂದಳಿಕೆ ಇದೆಯಲ್ಲ, ಅದರಲ್ಲಿ ಮೊಟ್ಟೆ ಇಡ್ತದೆ. ರೆಕ್ಕೆ ಮೇಲ್ಗಡೆ ಬರೀ ಬಿಳಿ, ಕಪ್ಪು ಗೆರೆ. ಮಡಚಿ ಕೂತಾಗ ನೋಡಿ. ಹಳದಿ, ಅಂಚಿಗೆ ಕೆಂಪು."

ಅನುಸೂಯಾ ಬಹಳ ಹೊತ್ತು ನೋಡಿದಳು.

"ಇದು ಕ್ವಾರಿ ಕಡೆ ಹೋಗ್ತದೇನ್ರಿ?"

"ಹೋಗ್ತದೆ ಅಕ್ಕ. ಅಲ್ಲಿಯೂ ಮರ ಉಂಟಲ್ಲ."

"ಹಂಗಾರ ಇದರ ಬೆನ್ನ ಹತ್ತೇ ಹೋಗಿರಬೇಕು."

"ಯಾರು?"

ಅನುಸೂಯಾ ಕ್ವಾರಿಯತ್ತ ತಿರುಗಿದಳು. ನಿಮ್ಮ ಹೆಸರೇನು ಎಂದು ಕೇಳಿದಾಗ ಅವಳು ಕ್ವಾರಿಯ ಕಡೆಗೇ ನೋಡುತ್ತ, "ಆರತಿ" ಎಂದಿದ್ದಳು.

*

"ಚಿಟ್ಟೆ ಹೆಸರೇನೂ ನೆನಪಲ್ಲಿ ಇಟ್ಕೊಳ್ತಿರಲಿಲ್ಲ ಅವರು," ಎಂದಳು ಹರಿಣಾಕ್ಷಿ. "ಪ್ಲೇನ್ ಟೈಗರ್ ಯಾವುದು, ಲೈಮ್ ಯಾವುದು, ಪ್ರತಿ ವಾರ ಹೊಸದಾಗಿ ಕೇಳೋರು. ನಾನು ತಮಾಷೆ ಮಾಡ್ತಿದ್ದೆ. ಮತ್ತೆ ಒಂದು ಅಭ್ಯಾಸ ಇತ್ತು. ಮಾತಾಡ್ತಾ ಮಾತಾಡ್ತಾ ಒಬ್ಬರೇ ಕ್ವಾರಿ ಕಡೆ ಹೋಗಿಬಿಡೋರು. ಹೊರಡುವ ಹೊತ್ತಿಗೆ ನಾವು ಕರೀಬೇಕು. ಒಂದು ಸಲ ಕರೆದ್ರೆ ಓಗೊಡ್ತಿರಲಿಲ್ಲ. ಎಲ್ಲರೂ ಸೇರಿ ಮತ್ತೆ ಮತ್ತೆ ಕರೀಬೇಕು, ಆರತೀ, ಆರತೀ ಅಂತ. ಕಲ್ಲಿನ ಗೋಡೆಯಿಂದ ದನಿ ತಿರುಗಿ ಬರೋದು. ಅದೆಲ್ಲ ಅಡಗಿದ ಮೇಲೆ, ಬಂದೆ ಅನ್ನೋರು. ಕಿವಿ ಸ್ವಲ್ಪ ಮಂದ ಅಂತ ನಾವು ತಿಳ್ಕೊಂಡಿದ್ದು."

"ಕಿವಿ ಭಾಳ ಚಲೋ ಇದ್ವು," ಎಂದ ಪ್ರಲ್ಹಾದರಾಯ. "ಒಲಿ ಮ್ಯಾಲಿನ ಹಾಲು ಉಕ್ಕೂದು ಅಂಗಳದಾಗ ನಿಂತು ಕೇಳತಿದ್ಲು."

ಅವನು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಹೇಳಿದ: "ಅದು ನಮ್ಮ ಮಗಳ ಹೆಸರು. ಅಲ್ಲೇ ಹೋದ್ಲು ಆಕಿ. ಮನ್ಯಾಗ ಆ ಹೆಸರು ತಗೀಬ್ಯಾಡ ಅಂತ ನಾನು ಅಂದಿದ್ದೆ."

ನಗುನಗುತ್ತ ಕ್ವಾರಿಯ ಮೇಲೆ ತಾನು ಕೂಗಿದ್ದೆಲ್ಲ ಈಗ ಹರಿಣಾಕ್ಷಿಗೇ ಮರಳಿ ಕೇಳಿಸತೊಡಗಿತ್ತು. "ನಮಗೆ ಗೊತ್ತಿರಲಿಲ್ಲ," ಎಂದಳು. "ದೇವರಾಣೆ ಗೊತ್ತಿರಲಿಲ್ಲ."

"ತಪ್ಪೇನೂ ಮಾಡಿಲ್ಲ ತಗೀರಿ ನೀವು."

ಕಟ್ಟಿಗೆ ಒಟ್ಟಿಯಾಯಿತು. ದತ್ತು ಬಂದು ಕರೆದ. ಪ್ರಲ್ಹಾದರಾಯ ಮಡಕೆ ಹೊತ್ತು ಚಿತೆಯ ಸುತ್ತ ಬಂದು, ಬೆನ್ನು ತಿರುಗಿಸಿ ಅದನ್ನು ಒಡೆದ. ಬೆಂಕಿ ಇಟ್ಟ. ಒಣಕಟ್ಟಿಗೆ ಬೇಗ ಹಿಡಿದುಕೊಂಡಿತು. ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವನು ಸರಿಯಲಿಲ್ಲ.

"ಹರಿಣಾಕ್ಷಿಬಾಯಿ," ಎಂದ. "ನೀವು ಹೆಂಗ ಕರೀತಿದ್ರಿ, ಒಮ್ಮೆ ಕರೀರಿ."

ಅವಳು ಬಾಯಿ ತೆರೆದಳು. ತಲೆ ಅಲ್ಲಾಡಿಸಿ ಮುಖ ಮುಚ್ಚಿಕೊಂಡಳು.

ದತ್ತುವಿಗೆ ಅರ್ಥವಾಗಿ ಅಣ್ಣನ ರಟ್ಟೆ ಹಿಡಿದ. "ಅಣ್ಣಾ, ಬ್ಯಾಡ. ಸುಡುಗಾಡದಾಗ ಹೆಸರು ಹಿಡದು ಕರೀಬಾರದು. ಹಿಂದ ಬರ್ತಾರ ಅಂತಾರ."

"ಬರಲಿ," ಎಂದ ಪ್ರಲ್ಹಾದರಾಯ.

ಅವನು ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಗೇಟಿನ ಕಡೆ ಮುಖ ಮಾಡಿ ಕೂಗಿದ. "ಆರತೀ..." ಮೊದಲ ಕೂಗು ನಡುವೆಯೇ ಒಡೆಯಿತು. ಎರಡನೆಯದು ಸ್ಮಶಾನದಾಚೆಯ ನದಿಯ ತನಕ ಹೋಯಿತು.

ಅದೇ ಹೊತ್ತಿಗೆ ಗೇಟಿನೊಳಗೆ ಇನ್ನೊಂದು ಶವಯಾತ್ರೆಯ ಜನ ಬರುತ್ತಿದ್ದರು. ಕೂಗು ಕೇಳಿ ಅವರು ನಿಂತರು. ತಮ್ಮ ಹಿಂದೆ ಯಾರೋ ಹುಡುಗಿ ಉಳಿದಿದ್ದಾಳೆಂದು ತಿಳಿದು ತಿರುಗಿ ನೋಡಿದರು, ಆಮೇಲೆ ಎರಡೂ ಪಕ್ಕಕ್ಕೆ ಸರಿದು ನಡುವೆ ಒಬ್ಬರು ನಡೆದು ಬರುವಷ್ಟು ದಾರಿ ಬಿಟ್ಟರು.